ಡಬ್ಬಿ ಆಮೇಲೆ, ತಂತಿ ಮೊದಲು

ಬಿಸಿಲು, ಧೂಳು, ಏರಿಳಿಯುವ ಕರೆಂಟು ಎಲ್ಲವನ್ನೂ ತಡೆದುಕೊಂಡು, ಎ.ಸಿ. ಕೋಣೆಯ ಹಂಗಿಲ್ಲದೆ ನಡೆಯುವ ಟೆಲಿಫೋನ್ ಎಕ್ಸ್‌ಚೇಂಜ್ ಒಂದನ್ನು ನಮ್ಮಲ್ಲೇ ಮಾಡಲು ಆದೀತೇ? 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿದ್ದರ ಹಿಂದೆ ಈ ಪ್ರಶ್ನೆ ಇತ್ತು. ಸ್ಯಾಮ್ ಪಿತ್ರೋಡಾ ಅವರ ತಂಡ ಸಿದ್ಧಪಡಿಸಿದ 128 ಪೋರ್ಟಿನ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲ ಸಲ ಕೆಲಸಕ್ಕೆ ನಿಂತದ್ದು 1986ರ ಜುಲೈಯಲ್ಲಿ, ಕಿತ್ತೂರಿನಲ್ಲಿ. ಚೆನ್ನಮ್ಮನ ಕೋಟೆ ನೋಡಲು ಬರುವವರಿಗೆ ಈ ಸಂಗತಿಯನ್ನೂ ಒಂದು ಮಾತು ಹೇಳಬೇಕು. ಆ ಯಂತ್ರದ ಹೆಚ್ಚುಗಾರಿಕೆ ಇದ್ದದ್ದು ಊರಿನ ಗುಣಕ್ಕೆ ಒಗ್ಗುವುದರಲ್ಲಿ. ಹವೆ ಹೇಗಿದೆ, ಕರೆಂಟು ಎಷ್ಟು ಹೊತ್ತು ಇರುತ್ತದೆ, ಕೆಟ್ಟರೆ ರಿಪೇರಿಗೆ ಯಾರು ಸಿಗುತ್ತಾರೆ ಎಂದು ಮೊದಲು ಯೋಚಿಸಿ, ಆಮೇಲೆ ಯಂತ್ರ ಕಟ್ಟಿದ್ದರು.

ಈಗ ಮನೆಗೆ ಇಂಟರ್ನೆಟ್ ಹಾಕಿಸುವವರು ಅಂಗಡಿಯಲ್ಲಿ ಕೇಳುವುದು ಬೇರೆ. ‘ಯಾವ ಮೋಡೆಮ್ ಛಲೋ ಐತ್ರಿ? ಎರಡ ಆಂಟೆನಾದ್ದೋ, ನಾಕ ಆಂಟೆನಾದ್ದೋ?’ ಅಂಗಡಿಯವರು ನಾಲ್ಕು ಆಂಟೆನಾದ್ದನ್ನೇ ಮುಂದಿಡುತ್ತಾರೆ, ಅದರ ಬೆಲೆ ಹೆಚ್ಚು. ಮನೆಗೆ ತಂದ ಮೇಲೆ ಗೊತ್ತಾಗುತ್ತದೆ: ಅದು ಬರೀ ವೈಫೈ ರೂಟರ್, ಫೈಬರ್ ತಂತಿ ಚುಚ್ಚಲು ಅದರಲ್ಲಿ ಜಾಗವೇ ಇಲ್ಲ. ಇಲ್ಲವೇ ಅದು ಹಳೆಯ ಟೆಲಿಫೋನ್ ಲೈನಿನ ಮೋಡೆಮ್, ಆ ಲೈನನ್ನು ಓಣಿಯಲ್ಲಿ ಕಿತ್ತು ವರ್ಷಗಳಾಗಿವೆ. ಮೋಡೆಮ್ ಆರಿಸುವುದೆಂದರೆ ಮೊದಲು ಮನೆಯ ಬಾಗಿಲಿಗೆ ಯಾವ ತಂತಿ ಬರುತ್ತದೆ, ಅಥವಾ ಮಾಳಿಗೆಯ ಮೇಲೆ ಯಾವ ಟವರ್ ಕಾಣುತ್ತದೆ ಎಂದು ನೋಡುವುದು. ಎರಡನೆಯದು, ಆ ತಂತಿ ಕಡಿದ ದಿನ ಏಣಿ ಹೊತ್ತುಕೊಂಡು ಯಾರು ಬರುತ್ತಾರೆ ಎಂದು ವಿಚಾರಿಸುವುದು. ಈ ಎರಡಕ್ಕೆ ಉತ್ತರ ಸಿಕ್ಕಿದರೆ ಡಬ್ಬಿಯ ಆಯ್ಕೆ ಮುಕ್ಕಾಲು ಪಾಲು ತಾನಾಗಿಯೇ ಆಗಿರುತ್ತದೆ.

ಇಲ್ಲಿ ಹೇಳುತ್ತಿರುವುದು ನಮ್ಮ ಸೀಮೆಯ ಮನೆಗಳ ಮಾತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಬೆಳಗಾವಿ ಜಿಲ್ಲೆಯ ಮಲಪ್ರಭೆ ಸೀಮೆಯ ತಾಲೂಕುಗಳು. ಹೊಳೆ ಒಂದೇ ಆದರೂ ನೆಲ ಒಂದೇ ಅಲ್ಲ. ಕಿತ್ತೂರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದೆ, ಖಾನಾಪುರದ ಮಳೆಯ ಸೆರಗು ಅದಕ್ಕೆ ತಾಗುತ್ತದೆ, ಮರಗಿಡ ಹೆಚ್ಚು. ಬೈಲಹೊಂಗಲ ಎರೆಭೂಮಿಯ ಪೇಟೆ. ಸವದತ್ತಿಗೆ ಗುಡ್ಡವಿದೆ, ಗುಡ್ಡದ ಮೇಲೆ ಯಲ್ಲಮ್ಮ ಇದ್ದಾಳೆ, ಅವಳ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ರಾಮದುರ್ಗದ ಓಣಿಗಳಲ್ಲಿ ಮಗ್ಗಗಳಿವೆ, ಊರ ಪಕ್ಕದಲ್ಲೇ ಹೊಳೆಯಿದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆಂದು ಬರೆದ ಸಲಹೆ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ.

ಡಯಲ್-ಅಪ್ ಕಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ತಾಲೂಕಿನ ಊರುಗಳಿಗೆ ಬರುವಾಗ ಅದು ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ಪ್ಯಾಕೆಟಿನ ರೂಪದಲ್ಲಿ ಬಂತು. ಕಿರ್‍ರ್ ಎಂದು ಕೂಗುವ 56 ಕೆಬಿಪಿಎಸ್ ಮೋಡೆಮ್ ಕಂಪ್ಯೂಟರಿನ ಒಳಗೇ ಒಂದು ಕಾರ್ಡಾಗಿ ಕೂತಿರುತ್ತಿತ್ತು. ನೆಟ್ ಹಚ್ಚಿದರೆ ಫೋನ್ ಎಂಗೇಜ್, ಫೋನ್ ಬಂದರೆ ನೆಟ್ ಕಟ್.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ‘ಡೇಟಾವನ್’ ಶುರುವಾಯಿತು. ಅದು ಅದೇ ತಾಮ್ರದ ಜೋಡಿ ತಂತಿಯ ಮೇಲೆ ಮಾತು ಮತ್ತು ಡೇಟಾ ಎರಡನ್ನೂ ಒಟ್ಟಿಗೆ ಸಾಗಿಸುವ ಎಡಿಎಸ್‌ಎಲ್. ಹಿಂದಿನ ವರ್ಷದ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಇದ್ದರೆ ಸಾಕು, ಅದು ಬ್ರಾಡ್‌ಬ್ಯಾಂಡ್ ಎಂದಿತ್ತು. ಆ ಅಳತೆ 2013ರಲ್ಲಿ 512 ಕೆಬಿಪಿಎಸ್‌ಗೆ, 2023ರಲ್ಲಿ 2 ಎಂಬಿಪಿಎಸ್‌ಗೆ ಏರಿತು. ಡೇಟಾವನ್ ಬಂದ ಹೊಸದರ ಒಂದು ಪ್ಲಾನಿನಲ್ಲಿ ನಸುಕಿನ ಎರಡರಿಂದ ಎಂಟರವರೆಗೆ ಡೌನ್‌ಲೋಡ್ ಪುಕ್ಕಟೆ. ಅದಕ್ಕಾಗಿ ಅಲಾರಾಂ ಇಟ್ಟುಕೊಂಡು ಏಳುತ್ತಿದ್ದ ಹುಡುಗರಿಗೆ ಈಗ ನಲವತ್ತು ದಾಟುತ್ತಿದೆ.

ಎಡಿಎಸ್‌ಎಲ್ ಮೋಡೆಮಿನ ಹಣೆಬರಹವನ್ನು ನಿರ್ಧರಿಸುತ್ತಿದ್ದುದು ಎಕ್ಸ್‌ಚೇಂಜಿನಿಂದ ಮನೆಗೆ ಇರುವ ತಂತಿಯ ಉದ್ದ. ಎಡಿಎಸ್‌ಎಲ್2+ ಎಂಬ ಸುಧಾರಿತ ಬಗೆ ಎಕ್ಸ್‌ಚೇಂಜಿನ ಪಕ್ಕದ ಮನೆಯಲ್ಲಿ 24 ಎಂಬಿಪಿಎಸ್‌ವರೆಗೆ ಕೊಡಬಲ್ಲದು. ಮೂರು ಕಿಲೋಮೀಟರ್ ದಾಟಿದರೆ ಅದರ ಮೂರನೇ ಒಂದು ಪಾಲು ಸಿಕ್ಕರೆ ಪುಣ್ಯ, ಐದು ದಾಟಿದರೆ ಲೈನೇ ನಿಲ್ಲುವುದಿಲ್ಲ. ಬೈಲಹೊಂಗಲ ಪೇಟೆಯ ಮನೆಗೆ ಚೆನ್ನಾಗಿ ನಡೆದ ಮೋಡೆಮ್ ಊರ ಹೊರಗಿನ ಹೊಸ ಪ್ಲಾಟಿನ ಮನೆಯಲ್ಲಿ ಮಿಣುಕುತ್ತ ಕೂರುತ್ತಿದ್ದುದು ಇದಕ್ಕೇ. ಕಂಪನಿ ಬದಲಿಸಿ ಹೊಸ ಮೋಡೆಮ್ ತಂದವರು ದುಡ್ಡು ಕಳೆದುಕೊಂಡರೇ ಹೊರತು ತಂತಿ ಗಿಡ್ಡವಾಗಲಿಲ್ಲ.

ನೆಲದ ಪಾಲೂ ಇತ್ತು. ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಹೂತ ಕೇಬಲ್ಲಿನ ಜಾಯಿಂಟುಗಳಿಗೆ ಇದು ವರ್ಷವೂ ತಪ್ಪದ ಎಳೆದಾಟ. ಒಮ್ಮೆ ನೀರು ಹೊಕ್ಕರೆ ಮಾತಿನಲ್ಲಿ ಗೊರಗೊರ, ಡೇಟಾ ಅಂತೂ ಬಂದ್. ಮೇ ತಿಂಗಳ ಅಡ್ಡಮಳೆಯ ಸಿಡಿಲು ಮತ್ತೊಂದು ಕಾಟ. ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ನೇರ ಪಡಸಾಲೆಗೆ ತಂದು ಮೋಡೆಮನ್ನು ಸುಡುತ್ತದೆ. ಗುಡುಗು ಕೇಳಿದ ಕೂಡಲೇ ಕರೆಂಟಿನ ಪ್ಲಗ್ಗಿನ ಜೊತೆಗೆ ಟೆಲಿಫೋನ್ ತಂತಿಯನ್ನೂ ಕೀಳುವುದು ಆ ಕಾಲದ ಮನೆಗಳಲ್ಲಿ ರೂಢಿಯಾಗಿತ್ತು.

ತಾಮ್ರದ ಒಂದು ಗುಣ ಮಾತ್ರ ಯಾರಿಗೂ ಬಂದಿಲ್ಲ. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯೇ ಮನೆಯ ಫೋನಿಗೂ ಶಕ್ತಿ ಕೊಡುತ್ತಿದ್ದುದರಿಂದ ಕರೆಂಟು ಹೋದರೂ ಫೋನ್ ಮಾತಾಡುತ್ತಿತ್ತು. ಫೈಬರಿಗೆ ಬದಲಾದ ಮೇಲೆ ಹಳೇ ನಂಬರನ್ನೇ ಉಳಿಸಿಕೊಂಡ ಹಿರಿಯರು, ‘ಕರೆಂಟ್ ಹೋದ್ರ ಫೋನೂ ಹೊಕ್ಕೈತಲ್ಲೋ ತಮ್ಮಾ’ ಎಂದರೆ ಆ ದೂರು ನ್ಯಾಯವಾದದ್ದು. ಅದಕ್ಕೆ ಪರಿಹಾರ ಇದೆ, ಮುಂದೆ ಹೇಳುತ್ತೇನೆ. ಈಗ ಹೊಸದಾಗಿ ಎಡಿಎಸ್‌ಎಲ್ ಹಾಕಿಸುವ ಮಾತೇ ಬೇಡ. ಬಿಎಸ್‌ಎನ್‌ಎಲ್ ತಾನೇ ತಾಮ್ರದ ಗ್ರಾಹಕರನ್ನು ಫೈಬರಿಗೆ ಸಾಗಿಸುತ್ತಿದೆ. ಕಪಾಟಿನಲ್ಲಿರುವ ಹಳೆಯ ಮೋಡೆಮ್ ಫೈಬರಿಗೆ ಆಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ: ಮೋಡೆಮಾಗಿ ಆಗುವುದಿಲ್ಲ.

ನಡುವೆ ಡಾಂಗಲ್‌ಗಳ ಕಾಲವೊಂದು ಬಂದು ಹೋಯಿತು. ಬಿಎಸ್‌ಎನ್‌ಎಲ್‌ನ ಇವಿಡಿಒ, ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್ ಇವು ಪೆನ್‌ಡ್ರೈವಿನ ಆಕಾರದಲ್ಲಿದ್ದು ಲ್ಯಾಪ್‌ಟಾಪಿಗೆ ಚುಚ್ಚಿಕೊಳ್ಳುವಂಥವು. ಕಾಗದದ ಮೇಲೆ 3.1 ಎಂಬಿಪಿಎಸ್, ಕಿಟಕಿಯ ಪಕ್ಕ ಕೂತರೆ ಅದರಲ್ಲಿ ಸ್ವಲ್ಪ. 2016ರ ಸೆಪ್ಟೆಂಬರಿನಲ್ಲಿ ಜಿಯೋ 4ಜಿ ಬಂದ ಮೇಲೆ ಮೊಬೈಲಿನ ಹಾಟ್‌ಸ್ಪಾಟೇ ಮನೆಯ ಮೋಡೆಮ್ ಆಯಿತು. ಬಹಳ ಮನೆಗಳಲ್ಲಿ ಈಗಲೂ ಅದೇ ಇದೆ, ಮತ್ತು ಒಬ್ಬರೋ ಇಬ್ಬರೋ ಇರುವ ಮನೆಗೆ ಅದು ತಪ್ಪೂ ಅಲ್ಲ. ತಂದೆ ಹೊಲಕ್ಕೆ ಹೋದರೆ ನೆಟ್ಟೂ ಹೊಲಕ್ಕೆ ಹೋಗುತ್ತದೆ ಎಂಬ ತೊಡಕು ಮಕ್ಕಳ ಆನ್‌ಲೈನ್ ಕ್ಲಾಸು ಶುರುವಾದ 2020ರಲ್ಲಿ ಎದ್ದು ಕಂಡಿತು. ಬೆಂಗಳೂರು, ಪುಣೆಗಳಿಂದ ಲ್ಯಾಪ್‌ಟಾಪ್ ಸಮೇತ ಊರಿಗೆ ಮರಳಿದ ಹುಡುಗರು ಮನೆಗೊಂದು ಖಾಯಂ ತಂತಿ ಬೇಕೆಂದು ಹಟ ಹಿಡಿದದ್ದೂ ಆಗಲೇ.

ಆ ತಂತಿ ಫೈಬರ್. ಸಾಧ್ಯವಿದ್ದರೆ ಇದನ್ನೇ ಹಾಕಿಸಿ ಎಂದು ನಾನು ಎರಡು ಮಾತಿಲ್ಲದೆ ಹೇಳುತ್ತೇನೆ. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ. ಗಾಜಿಗೆ ಸಿಡಿಲು ಗೊತ್ತಿಲ್ಲ, ಮಗ್ಗದ ಮೋಟಾರಿನ ಗದ್ದಲ ಗೊತ್ತಿಲ್ಲ, ಮಣ್ಣಿನ ತೇವ ತಾಮ್ರವನ್ನು ಕಾಡಿದಷ್ಟು ಅದನ್ನು ಕಾಡುವುದಿಲ್ಲ. ಎಕ್ಸ್‌ಚೇಂಜಿನಿಂದ ಇಪ್ಪತ್ತು ಕಿಲೋಮೀಟರ್ ದೂರದ ಮನೆಗೂ ಅದೇ ವೇಗ. ಕಂಬದಿಂದ ಮನೆಗೆ ಎಳೆಯುವ ಡ್ರಾಪ್ ಕೇಬಲ್ಲಿನಲ್ಲಿ ಎಳೆತ ತಡೆಯಲು ಒಂದು ಉಕ್ಕಿನ ತಂತಿ ಇರುತ್ತದೆ. ಸಿಡಿಲಿನ ಭಯ ಪೂರ್ತಿ ಹೋಗಬೇಕಾದರೆ ಆ ಉಕ್ಕನ್ನು ಗೋಡೆಯ ಹೊರಗಿನ ಕೊಕ್ಕೆಯಲ್ಲೇ ಕಡಿದು, ಬರೀ ಫೈಬರನ್ನು ಒಳಗೆ ತರಲು ಹೇಳಬೇಕು.

ಫೈಬರ್ ಮನೆಯಲ್ಲಿ ಬಂದು ಕೂಡುವ ಡಬ್ಬಿಯನ್ನು ಓಎನ್‌ಟಿ ಎನ್ನುತ್ತಾರೆ. ನಮ್ಮಲ್ಲಿ ಫೈಬರ್ ಮೋಡೆಮ್ ಎಂದೇ ಕರೆಯುತ್ತೇವೆ, ಕರೆಯೋಣ. ಇದರಲ್ಲಿ ಎರಡು ಕುಲಗಳಿವೆ. ಬಿಎಸ್‌ಎನ್‌ಎಲ್‌ನಂಥ ದೊಡ್ಡ ಕಂಪನಿಗಳದ್ದು ಜಿಪಾನ್: ಒಂದು ಎಳೆಯಲ್ಲಿ ಮನೆಗಳ ಕಡೆಗೆ ಸುಮಾರು 2.5 ಗಿಗಾಬಿಟ್, ಮನೆಗಳಿಂದ ವಾಪಸ್ 1.25 ಗಿಗಾಬಿಟ್. ಕೇಬಲ್ ಟಿವಿ ನಡೆಸುತ್ತ ನೆಟ್ಟಿಗೆ ಬಂದ ಆಪರೇಟರುಗಳಲ್ಲಿ ಹಲವರದು ಇಪಾನ್: ಎರಡೂ ಕಡೆಗೆ 1.25 ಗಿಗಾಬಿಟ್, ಸಲಕರಣೆ ಅಗ್ಗ. ಮನೆಯವರಿಗೆ ವೇಗದಲ್ಲಿ ಇವುಗಳ ಫರಕು ಕಾಣುವುದಿಲ್ಲ, ಕಾಣುವುದು ಕಂಪನಿ ಬದಲಿಸಿದ ದಿನ. ಇಪಾನ್ ಡಬ್ಬಿ ಜಿಪಾನ್ ಲೈನಿಗೆ ನಡೆಯದು. ಸ್ವಂತ ದುಡ್ಡಿನಲ್ಲಿ ಕೊಳ್ಳುವವರು ಎರಡಕ್ಕೂ ಆಗುವ ‘ಎಕ್ಸ್‌ಪಾನ್’ ಡಬ್ಬಿಯನ್ನೇ ಕೇಳಿ ತರಬೇಕು. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವೇನಿಲ್ಲ.

ಒಂದು ಎಳೆಯನ್ನು ಕಂಬದ ಮೇಲಿನ ಸ್ಪ್ಲಿಟರ್ 8, 16, 32, ಕೆಲವು ಕಡೆ 64 ಮನೆಗಳಿಗೆ ಹಂಚುತ್ತದೆ. ಮಲಪ್ರಭಾ ಕಾಲುವೆಯ ಕೊನೆಯ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲಿನವರೆಲ್ಲ ತೂಬು ತೆಗೆದರೆ ಕೆಳಗೆ ಬರುವುದು ಉಳಿದದ್ದು. ಒಂದು ಸಲ ಎರಡಾಗಿ ಹಂಚಿದರೆ ಬೆಳಕು ಅರ್ಧಕ್ಕೆ, ಅಂದರೆ 3 ಡೆಸಿಬೆಲ್ ಇಳಿಯುತ್ತದೆ. ಅರವತ್ನಾಲ್ಕು ಮನೆಗೆ ಹಂಚುವಷ್ಟರಲ್ಲಿ ಹೆಚ್ಚು ಕಡಿಮೆ 20 ಡೆಸಿಬೆಲ್ ಕರಗಿರುತ್ತದೆ. ಆದ್ದರಿಂದ ಫೈಬರ್ ಹಾಕಲು ಬಂದವರ ಕೈಯಲ್ಲಿರುವ ಪವರ್ ಮೀಟರಿನ ಅಂಕಿಯನ್ನು ನೋಡಿ ಬರೆದಿಟ್ಟುಕೊಳ್ಳುವುದು ನಾಲ್ಕು ಆಂಟೆನಾಗಳಿಗಿಂತ ದೊಡ್ಡ ವಿಮೆ. ಅಂಕಿ ಮೈನಸ್ಸಿನಲ್ಲಿ ಇರುತ್ತದೆ. ಮೈನಸ್ 18, ಮೈನಸ್ 20 ಡಿಬಿಎಂ ಇದ್ದರೆ ಚಿಂತೆಯಿಲ್ಲ. ಮೈನಸ್ 27ರ ಆಸುಪಾಸು ಡಬ್ಬಿಯ ಕಣ್ಣಿಗೆ ಕತ್ತಲೆ ಕವಿಯುವ ಅಂಚು. ‘ಈಗ ನಡ್ಯಾಕತ್ತೈತಲ್ರೀ’ ಎಂದು ಮೈನಸ್ 26ರಲ್ಲಿ ಬಿಟ್ಟು ಹೋದ ಲೈನು ಮೊದಲ ಮಳೆಗೆ, ಇಲ್ಲವೇ ಕೇಬಲ್ ಸ್ವಲ್ಪ ಜಗ್ಗಿದಾಗ ನಿಲ್ಲುತ್ತದೆ. ಆಗ ಡಬ್ಬಿಯ ಮೇಲೆ ‘ಎಲ್‌ಒಎಸ್’ ಎಂಬ ಕೆಂಪು ದೀಪ ಮಿಣುಕತೊಡಗುತ್ತದೆ. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಮೊದಲು ಕೇಳುವುದೂ ಅದನ್ನೇ: ‘ಕೆಂಪ ಲೈಟ ಐತೇನ್ರಿ?’ ಕೆಂಪಿದ್ದರೆ ದೋಷ ತಂತಿಯದು, ಡಬ್ಬಿಯನ್ನು ಹತ್ತು ಸಲ ಆಫ್-ಆನ್ ಮಾಡಿ ಪ್ರಯೋಜನವಿಲ್ಲ. ಕೆಂಪಿಲ್ಲದೆ, ಪಾನ್ ದೀಪ ಹಸಿರಾಗಿ ನಿಂತಿದ್ದೂ ನೆಟ್ ಇಲ್ಲದಿದ್ದರೆ ತೊಂದರೆ ಬಿಲ್ಲಿನದೋ, ಪಾಸ್‌ವರ್ಡಿನದೋ, ಆಪರೇಟರನ ಮೇಲಿನ ಲೈನಿನದೋ ಇರಬೇಕು.

ನಿಜವಾದ ಇಕ್ಕಟ್ಟು ಇರುವುದು ಆ ಮೇಲಿನ ಲೈನಿನಲ್ಲೇ. ಓಣಿಯ ಆಪರೇಟರ್ ನೂರಾರು ಮನೆಗೆ ‘100 ಎಂಬಿಪಿಎಸ್’ ಮಾರಿ, ತಾನು ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ತಂದ ಲೈನು ಸಣ್ಣದಿದ್ದರೆ, ಸಂಜೆ ಎಂಟರಿಂದ ಹತ್ತರವರೆಗೆ ಎಲ್ಲರ ವೀಡಿಯೊ ಸುತ್ತುತ್ತಲೇ ಇರುತ್ತದೆ. ಹಣ ಕೊಡುವ ಮುನ್ನ ಅದೇ ಆಪರೇಟರನ ಲೈನಿರುವ ನೆರೆಮನೆಗೆ ಊಟದ ಹೊತ್ತಿಗೆ ಹೋಗಿ ಮೊಬೈಲಿನಲ್ಲಿ ವೇಗ ಅಳೆದು ನೋಡಿ. ಕಾಕಾನೋ ಮಾಮಾನೋ ಇದ್ದರೆ ಊಟವೂ ಆದೀತು. ಮಧ್ಯಾಹ್ನ ಹನ್ನೆರಡಕ್ಕೆ ಅಳೆದದ್ದು ಲೆಕ್ಕಕ್ಕಿಲ್ಲ.

ಹಳ್ಳಿಗಳ ಮಟ್ಟಿಗೆ ಫೈಬರಿನ ಕಥೆ ಇನ್ನೊಂದು. 2011ರ ಅಕ್ಟೋಬರಿನಲ್ಲಿ ಮಂಜೂರಾದ, ಈಗ ಭಾರತ್‌ನೆಟ್ ಎನಿಸಿಕೊಂಡಿರುವ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸಲು ಹೊರಟಿತು. ಅದರ ಮೊದಲ ಹಂತದಲ್ಲಿ ಬಳಕೆಯಾದ ಜಿಪಾನ್ ತಂತ್ರಜ್ಞಾನ ಮತ್ತೆ ಸಿ-ಡಾಟ್‌ನದೇ. ಪಂಚಾಯಿತಿ ಕಟ್ಟಡಕ್ಕೆ ಬಂದ ಎಳೆ ಅಲ್ಲಿಂದ ಎದುರಿನ ಮನೆಗೆ ದಾಟಲು ವರ್ಷಗಳು ಹಿಡಿದವು. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಸಿಕ್ಕಾಗ, ಊರಿನ ಸ್ಥಳೀಯ ಉದ್ಯಮಿಯೇ ಮನೆಗಳಿಗೆ ತಂತಿ ಎಳೆದು, ನೋಡಿಕೊಂಡು, ಆದಾಯ ಹಂಚಿಕೊಳ್ಳುವ ಮಾದರಿಗೆ ಒತ್ತು ಬಂತು. ಬೆಳವಡಿಯಲ್ಲೋ ಕಟಕೋಳದಲ್ಲೋ ಇರುವವರು ದೂರದ ಕಂಪನಿಯ ಜಾಹೀರಾತು ನೋಡುವ ಮೊದಲು ತಮ್ಮ ಪಂಚಾಯಿತಿಯ ತಂತಿ ಜೀವಂತವಾಗಿದೆಯೇ, ಅದನ್ನು ಹಿಡಿದು ಯಾರಾದರೂ ಮನೆಗೆ ಲೈನ್ ಕೊಡುತ್ತಿದ್ದಾರೆಯೇ ಎಂದು ವಿಚಾರಿಸುವುದು ಜಾಣತನ.

ಫೈಬರಿಗೂ ಶತ್ರುಗಳಿದ್ದಾರೆ. ಜೆಸಿಬಿ ಮೊದಲನೆಯದು: ಹೆದ್ದಾರಿ ಕೆಲಸ, ಚರಂಡಿ, ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆದ ನಳದ ನೀರಿನ ಯೋಜನೆಯ ಅಗೆತ ಎಲ್ಲದಕ್ಕೂ ಅದು ಬೇಕು, ಅದಕ್ಕೆ ಫೈಬರ್ ಕಾಣದು. ಎರಡನೆಯದು ಮಂಗ. ಯಲ್ಲಮ್ಮನ ಗುಡ್ಡದ ಕಡೆಯವರಿಗೂ ಕಿತ್ತೂರಿನವರಿಗೂ ಇದು ನಗುವ ಮಾತಲ್ಲ: ಕಂಬದಿಂದ ಮಾಳಿಗೆಗೆ ತೂಗಿದ ಕೇಬಲ್ ಅವುಗಳಿಗೆ ಹಗ್ಗದ ಸೇತುವೆ. ಮೂರನೆಯದು ನಾವೇ. ಫೈಬರನ್ನು ಬಾಗಿಲ ಸಂದಿಯಲ್ಲಿ ಹಾಯಿಸುತ್ತೇವೆ, ಮಿಕ್ಕಿದ್ದನ್ನು ಮೊಳೆಗೆ ಬಿಗಿಯಾಗಿ ಸುತ್ತುತ್ತೇವೆ. ಗಾಜು ಮುರಿಯದಿದ್ದರೂ ಮಡಿಕೆಯಲ್ಲಿ ಬೆಳಕು ಸೋರಿಹೋಗುತ್ತದೆ. ಬಳೆಯಗಲದ ಸುತ್ತು ಬಿಟ್ಟು ಸಡಿಲಾಗಿ ತೂಗುಹಾಕಬೇಕು. ಹಸಿರು ಕನೆಕ್ಟರಿನ ತಂತಿಯನ್ನು ನೀಲಿ ಕನೆಕ್ಟರಿನ ಕಿಂಡಿಗೆ ತುರುಕುವುದೂ ಬೇಡ, ಅವುಗಳ ತುದಿಯ ಉಜ್ಜಿನ ಕೋನವೇ ಬೇರೆ.

ತಂತಿ ಬಾರದ ಕಡೆ ಗಾಳಿ. 2023ರ ಆಗಸ್ಟಿನಲ್ಲಿ ಏರ್‌ಟೆಲ್, ಸೆಪ್ಟೆಂಬರ್ 19ರಂದು ಜಿಯೋ ಕೆಲವು ನಗರಗಳಲ್ಲಿ 5ಜಿ ಮೂಲಕ ಮನೆ ಇಂಟರ್ನೆಟ್ ಶುರುಮಾಡಿದವು. ಎರಡೂ ಅದನ್ನು ಏರ್‌ಫೈಬರ್ ಎನ್ನುತ್ತವೆ, ಅದರಲ್ಲಿ ಫೈಬರ್ ಹೆಸರಿಗೆ ಮಾತ್ರ. ಜಿಯೋದ್ದರಲ್ಲಿ ಮಾಳಿಗೆಯ ಮೇಲೆ ಒಂದು ಡಬ್ಬಿ ಟವರಿಗೆ ಮುಖ ಮಾಡಿ ನಿಲ್ಲುತ್ತದೆ, ಅಲ್ಲಿಂದ ಒಂದು ಲ್ಯಾನ್ ಕೇಬಲ್ ಒಳಗಿನ ವೈಫೈ ಡಬ್ಬಿಗೆ ಇಳಿಯುತ್ತದೆ. 2023ರಲ್ಲಿ ಅದರ ಆರಂಭದ ಪ್ಲಾನು ತಿಂಗಳಿಗೆ 599 ರೂಪಾಯಿಗೆ 30 ಎಂಬಿಪಿಎಸ್ ಇತ್ತು, ಜಿಎಸ್‌ಟಿ ಬೇರೆ. ಓಣಿ ಅಗೆಯಬೇಕಿಲ್ಲ, ಕಂಬ ಬೇಕಿಲ್ಲ, ಒಂದು ಮಧ್ಯಾಹ್ನದಲ್ಲಿ ಹಾಕಿ ಹೋಗುತ್ತಾರೆ. ಹೊಳೆಸಾಲಿನ ಊರುಗಳಿಗೆ ಇದರಲ್ಲೊಂದು ಲಾಭವಿದೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ಮುನವಳ್ಳಿ, ರಾಮದುರ್ಗ ಭಾಗಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ ನೆಲದ ತಂತಿ, ಕಂಬ ಒಂದೂ ನೆಚ್ಚಿಕೆಯದಲ್ಲ. ಎತ್ತರದಲ್ಲಿರುವ ಟವರಿಗೆ ಡೀಸೆಲ್ ಇದ್ದರೆ ಗಾಳಿಯ ನೆಟ್ ಮೊದಲು ಎದ್ದು ನಿಲ್ಲುತ್ತದೆ.

ಆದರೆ ಸವದತ್ತಿಯವರೂ ಉಗರಗೋಳದವರೂ ಇದನ್ನು ಹಾಕಿಸುವ ಮುಂಚೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳನ್ನು ನೆನಪು ಮಾಡಿಕೊಳ್ಳಬೇಕು. ಜಾತ್ರೆಗೆ ಬಂದ ಅಷ್ಟೂ ಜನರ ಮೊಬೈಲು ಆ ಕೆಲವೇ ಟವರುಗಳನ್ನು ಹಂಚಿಕೊಳ್ಳುತ್ತವೆ, ನಿಮ್ಮ ಮಾಳಿಗೆಯ ಡಬ್ಬಿಯೂ ಅದೇ ಸಾಲಿನಲ್ಲಿ ನಿಲ್ಲುತ್ತದೆ. ಮನೆಯಿಂದ ಕಚೇರಿ ಕೆಲಸ ಮಾಡುವವರು ಜಾತ್ರೆಯ ವಾರ ರಜೆ ಹಾಕುವುದೇ ಲೇಸು. ಗುಡ್ಡದ ಮರೆಯೂ ಒಂದು ವಿಷಯ. 5ಜಿಯ 3.5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ಸೂಕ್ಷ್ಮದ್ದು: ಗುಡ್ಡ, ದಪ್ಪ ಗೋಡೆ, ಎಲೆ ತುಂಬಿದ ಹುಣಸೆಮರ ಎಲ್ಲವೂ ಅದಕ್ಕೆ ಅಡ್ಡಿ. 700 ಮೆಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಆದರೆ ಅದರ ಹಾದಿ ಕಿರಿದು. ಕಿತ್ತೂರಿನ ಕಡೆ ಬೇಸಿಗೆಯಲ್ಲಿ ಚೆನ್ನಾಗಿದ್ದ ಲೈನು ಮಳೆಗಾಲದಲ್ಲಿ ಮಂದವಾದರೆ ಮೊದಲು ಮಾಳಿಗೆ ಹತ್ತಿ, ಟವರಿನ ದಿಕ್ಕಿನ ಗಿಡ ಎಷ್ಟು ಬೆಳೆದಿದೆ ನೋಡಬೇಕು.

ತೋಟದ ಮನೆಗಳಿಗೆ ನನ್ನ ಆಯ್ಕೆ ಇನ್ನೂ ಸರಳ: ಸಿಮ್ ಹಾಕುವ 4ಜಿ ರೂಟರ್. ಎಲ್ಲ ಕಂಪನಿಯ ಸಿಮ್ ಹಿಡಿಯುವ, ಹೊರಗಿನ ಆಂಟೆನಾ ತಿರುಪಿ ಕೂರಿಸಲು ಬರುವ ಡಬ್ಬಿ ಆಗಬೇಕು. ಒಂದೇ ಕಂಪನಿಗೆ ಬೀಗ ಹಾಕಿದ್ದು ಬೇಡ. ಯಾವ ಕಂಪನಿಯ ಟವರು ತೋಟಕ್ಕೆ ಹತ್ತಿರ ಎಂಬುದನ್ನು ಮನೆಮಂದಿಯ ಬೇರೆ ಬೇರೆ ಸಿಮ್‌ಗಳಲ್ಲೇ ಪರೀಕ್ಷಿಸಬಹುದು. ಪಂಪ್‌ಸೆಟ್ ಲೈನಿನ ಮೇಲಿರುವ ತೋಟದ ಮನೆಗೆ ಮೂರು ಫೇಸಿನ ಕರೆಂಟು ದಿನಕ್ಕೆ ಏಳು ತಾಸು ಎಂಬ ಲೆಕ್ಕ. ಊರೊಳಗಿನವರಿಗೆ ನಿರಂತರ ಜ್ಯೋತಿ ಯೋಜನೆಯ ಕರೆಂಟು ಇದೆ, ತೋಟದವರಿಗೆ ಸೋಲಾರ್ ಬ್ಯಾಟರಿಯೇ ಗತಿ. ಈ ರೂಟರುಗಳಲ್ಲಿ ಬಹಳಷ್ಟು 12 ವೋಲ್ಟಿನವು, ಸೋಲಾರ್ ದೀಪದ ಬ್ಯಾಟರಿಯಿಂದ ಇನ್ವರ್ಟರಿನ ಹಂಗಿಲ್ಲದೆ ನಡೆಯುತ್ತವೆ. ನಡುವೆ ಒಂದು ವೋಲ್ಟೇಜ್ ರೆಗ್ಯುಲೇಟರ್ ಇರಲಿ, ಚಾರ್ಜ್ ಆಗುವಾಗ ಬ್ಯಾಟರಿ 14 ವೋಲ್ಟ್ ದಾಟುತ್ತದೆ.

ಉಪಗ್ರಹದ ಡಿಶ್ ಬಗ್ಗೆ ಈಚೆಗೆ ಎಲ್ಲರೂ ಕೇಳುತ್ತಾರೆ. 36,000 ಕಿಲೋಮೀಟರ್ ಮೇಲಿರುವ ಹಳೆಯ ಬಗೆಯ ಉಪಗ್ರಹದಲ್ಲಿ ಒಂದು ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್‌ಗೆ ಆ ತೊಂದರೆ ಇಲ್ಲ. ಅದಕ್ಕೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಫೈಬರ್ ಡಬ್ಬಿ ಹತ್ತು ವ್ಯಾಟಿನೊಳಗೆ ನಡೆದರೆ ಆ ಡಿಶ್ಶಿಗೆ ಐವತ್ತಕ್ಕೂ ಮೇಲೆ ಬೇಕು. ಬಯಲುಸೀಮೆಯ ಈ ನಾಲ್ಕು ತಾಲೂಕುಗಳಲ್ಲಿ ಟವರೂ ಫೈಬರೂ ಎರಡೂ ಮುಟ್ಟದ ಮನೆ ಅಪರೂಪ, ಹಾಗಾಗಿ ಇದರ ಮೋಹ ಸದ್ಯಕ್ಕೆ ಬೇಡ.

ಈಗ ಡಬ್ಬಿಗೆ ಬರೋಣ. ತಂತಿ ಗೊತ್ತಾದ ಮೇಲೆ ಉಳಿಯುವ ದೊಡ್ಡ ಪ್ರಶ್ನೆ ವೈಫೈ, ಅದರ ಉತ್ತರ ನಿಮ್ಮ ಮನೆಯ ಗೋಡೆಯಲ್ಲಿದೆ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಕಲ್ಲು-ಮಣ್ಣಿನ ಗೋಡೆ ಒಂದೂವರೆ ಎರಡು ಅಡಿ ದಪ್ಪ. ಡಬ್ಬಿ ಪಡಸಾಲೆಯಲ್ಲಿದ್ದರೆ ನಡುಮನೆಯಲ್ಲಿ ಅರ್ಧ, ಅಡುಗೆಮನೆಯಲ್ಲಿ ಶೂನ್ಯ. 2.4 ಗಿಗಾಹರ್ಟ್ಸ್ ವೈಫೈ ಇಂಥ ಗೋಡೆಯನ್ನು ತಿಣುಕಿಕೊಂಡಾದರೂ ದಾಟುತ್ತದೆ, 5 ಗಿಗಾಹರ್ಟ್ಸ್ ದಾಟುವುದಿಲ್ಲ. ಹಾಗಂತ 2.4 ಮಾತ್ರ ಇರುವ ಅಗ್ಗದ ಡಬ್ಬಿ ತಂದರೆ ಪೇಟೆಯ ಓಣಿಯಲ್ಲಿ ಅಕ್ಕಪಕ್ಕದ ಹತ್ತು ಮನೆಯ ವೈಫೈ ಅದರ ಮೇಲೇ ಬೀಳುತ್ತದೆ, ಒಂದಕ್ಕೊಂದು ತಾಗದ ಚಾನೆಲ್‌ಗಳು ಅದರಲ್ಲಿ ಮೂರೇ. ಎರಡೂ ಬ್ಯಾಂಡಿನ ಡಬ್ಬಿ ತಂದು, ದೂರದ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆದು ಅಲ್ಲೊಂದು ಚಿಕ್ಕ ರೂಟರ್ ಇಡುವುದು ಖಾತ್ರಿಯ ದಾರಿ. ರಿಪೀಟರ್ ಎಂದು ಮಾರುವ ಪ್ಲಗ್ಗಿನ ಗೊಂಬೆಗಳಿಗೆ ನನ್ನ ಮತವಿಲ್ಲ. ಅವು ಬಂದ ವೇಗದ ಅರ್ಧವನ್ನು ತಾವೇ ತಿನ್ನುತ್ತವೆ. ಡಬ್ಬಿಯನ್ನು ಗೋಡೆಯ ಗೂಡಿನಲ್ಲಿ ದೇವರಂತೆ ಕೂರಿಸುವುದೂ ಬೇಡ. ಮೂರು ಕಡೆ ಕಲ್ಲಾದರೆ ವೈಫೈಗೆ ಹೊರದಾರಿ ಒಂದೇ. ಮಗ್ಗದ ಮನೆಯವರು ಅದನ್ನು ಮಗ್ಗದ ಕೋಣೆಯಿಂದ ದೂರ, ಎತ್ತರಕ್ಕೆ ಕಟ್ಟಬೇಕು. ನೂಲಿನ ಹಿಂಜು ಗಾಳಿಕಿಂಡಿಗಳನ್ನು ಮುಚ್ಚಿದರೆ ಏಪ್ರಿಲ್ ಬಿಸಿಲಿಗೆ ಡಬ್ಬಿ ತಾನೇ ಆರಿ ತಾನೇ ಹತ್ತುವ ಆಟ ಶುರುಮಾಡುತ್ತದೆ.

ಎಷ್ಟು ವೇಗ ಬೇಕು? ಒಂದು ಎಚ್‌ಡಿ ವೀಡಿಯೊಗೆ 5 ಎಂಬಿಪಿಎಸ್ ಸಾಕು. ನಾಲ್ಕೈದು ಜನರ ಮನೆಗೆ 30 ಎಂಬಿಪಿಎಸ್‌ನ ಚಿಕ್ಕ ಪ್ಲಾನೇ ಧಾರಾಳ. ಸೀರೆಯ ವೀಡಿಯೊ ತೆಗೆದು ಗಿರಾಕಿಗಳಿಗೆ ಕಳಿಸುವ ರಾಮದುರ್ಗದ ನೇಕಾರರು, ಪಾಠ ರೆಕಾರ್ಡ್ ಮಾಡಿ ಹಾಕುವ ಮಾಸ್ತರರು ಡೌನ್‌ಲೋಡಿಗಿಂತ ಅಪ್‌ಲೋಡ್ ಎಷ್ಟೆಂದು ಕೇಳಬೇಕು. ಎಡಿಎಸ್‌ಎಲ್‌ನಲ್ಲಿ ಅದು ಒಂದು ಎಂಬಿಪಿಎಸ್ಸಿನ ಆಚೀಚೆ ಇರುತ್ತಿತ್ತು, ಫೈಬರಿನಲ್ಲಿ ಪ್ಲಾನು ಬಿಟ್ಟಷ್ಟು ಸಿಗುತ್ತದೆ. ಅಗ್ಗದ ಡಬ್ಬಿಗಳ ಲ್ಯಾನ್ ಪೋರ್ಟು 100 ಎಂಬಿಪಿಎಸ್‌ಗೇ ನಿಲ್ಲುತ್ತದೆ ಎಂದು ಹೆದರಿಸುವವರಿದ್ದಾರೆ. ಅದಕ್ಕಿಂತ ದೊಡ್ಡ ಪ್ಲಾನು ಕೊಳ್ಳದವರಿಗೆ ಆ ಹೆದರಿಕೆ ಬೇಡ.

ಬಾಡಿಗೆ ಡಬ್ಬಿಯೋ ಸ್ವಂತದ್ದೋ ಎಂಬುದಕ್ಕೆ ನನ್ನ ಉತ್ತರ ಊರಿನ ಮೇಲೆ ಬದಲಾಗುತ್ತದೆ. ಒಂದೇ ಆಪರೇಟರ್ ಇರುವ ಹಳ್ಳಿಯಲ್ಲಿ ಡಬ್ಬಿ ಅವರದೇ ಇರಲಿ, ಕೆಟ್ಟರೆ ಬದಲಿಸುವ ಹೊಣೆಯೂ ಅವರದೇ. ಠೇವಣಿ ಎಷ್ಟು, ವಾಪಸ್ ಬರುತ್ತದೆಯೇ ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ. ಎರಡು-ಮೂರು ಕಂಪನಿ ಪೈಪೋಟಿಗಿರುವ ಪೇಟೆಯಲ್ಲಿ ಸ್ವಂತ ಎಕ್ಸ್‌ಪಾನ್ ಡಬ್ಬಿಯಿದ್ದರೆ ಕಾಲು ಸಡಿಲ. ಆದರೂ ಹೊಸ ಡಬ್ಬಿಯ ಸೀರಿಯಲ್ ನಂಬರನ್ನು ಕಂಪನಿ ತನ್ನ ಕಡೆ ದಾಖಲಿಸಿಕೊಳ್ಳದೆ ಅದು ನಡೆಯದು, ಕೆಲವು ಕಂಪನಿಗಳು ತಮ್ಮದನ್ನು ಬಿಟ್ಟು ಬೇರೆಯದಕ್ಕೆ ಒಪ್ಪುವುದೇ ಇಲ್ಲ. ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು.

ಯಾರದೇ ಡಬ್ಬಿಯಾಗಲಿ, ಬಂದ ದಿನವೇ ಒಳಗಿನ ಪಾಸ್‌ವರ್ಡ್ ಬದಲಿಸಬೇಕು. ವೈಫೈಯದು ಒಂದು, ಡಬ್ಬಿಯ ಸೆಟ್ಟಿಂಗ್ ಪುಟದ್ದು ಇನ್ನೊಂದು. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. 2017ರ ಜುಲೈಯಲ್ಲಿ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿಯಾಗಿ ಕರ್ನಾಟಕದಲ್ಲೂ ಸಾವಿರಾರು ಮನೆಗಳ ನೆಟ್ ನಿಂತಾಗ, ಪೆಟ್ಟು ತಿಂದದ್ದು ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಮೋಡೆಮ್‌ಗಳು.

ಕರೆಂಟು ಹೋದಾಗ ಫೋನ್ ಸಾಯುವ ದೂರಿಗೆ ಪರಿಹಾರ ಹೇಳುತ್ತೇನೆ ಎಂದಿದ್ದೆ. ರೂಟರಿಗೆಂದೇ ಬರುವ ಪುಟ್ಟ 12 ವೋಲ್ಟ್ ಯುಪಿಎಸ್ ಫೈಬರ್ ಡಬ್ಬಿಯನ್ನು ಮೂರು-ನಾಲ್ಕು ತಾಸು ನಡೆಸುತ್ತದೆ. ಫೋನಿನ ತಂತಿಯೂ ಆ ಡಬ್ಬಿಯ ಹಿಂದಿನ ಪೋರ್ಟಿನಲ್ಲೇ ಇರುವುದರಿಂದ ಅಜ್ಜನ ಫೋನೂ ನಡೆಯುತ್ತದೆ. ಬೈಲಹೊಂಗಲದಲ್ಲಿ ಮನೆಗೆ ಫೈಬರ್ ಹಾಕಿಸುವವರಿಗೆ ನಾನು ಹೇಳುವುದು, ದೊಡ್ಡ ಪ್ಲಾನಿಗೆ ಕೊಡುವ ಹೆಚ್ಚಿನ ದುಡ್ಡನ್ನು ಇದಕ್ಕೆ ಹಾಕಿ ಎಂದು. ಆಪರೇಟರನ ಕಡೆಗಿರುವ ಯಂತ್ರಕ್ಕೂ ಬ್ಯಾಟರಿ ಇದೆಯೇ ಎಂಬುದನ್ನು ಜೊತೆಗೇ ಕೇಳಿ. ಅದಿಲ್ಲದಿದ್ದರೆ ನಿಮ್ಮ ಯುಪಿಎಸ್ ಬರೀ ಹಸಿರು ದೀಪ ತೋರಿಸುತ್ತ ಕೂರುತ್ತದೆ.

ಕಪಾಟಿನಲ್ಲಿ ಉಳಿದ ಹಳೆಯ ಎಡಿಎಸ್‌ಎಲ್ ಮೋಡೆಮಿಗೆ ವೈಫೈ ಇದ್ದರೆ ಎಸೆಯಬೇಡಿ. ಅದರ ಡಿಎಚ್‌ಸಿಪಿಯನ್ನು (ಮನೆಯ ಸಾಧನಗಳಿಗೆ ವಿಳಾಸ ಹಂಚುವ ಸೆಟ್ಟಿಂಗನ್ನು) ಬಂದ್ ಮಾಡಿ, ವಿಳಾಸವನ್ನು ಫೈಬರ್ ಡಬ್ಬಿಯ ವಿಳಾಸಕ್ಕೆ ತಾಗದಂತೆ ಬದಲಿಸಿ, ಲ್ಯಾನ್ ಪೋರ್ಟಿಗೆ ಕೇಬಲ್ ಕೊಟ್ಟರೆ ಅಡುಗೆಮನೆಗೋ ಹಿತ್ತಲಿಗೋ ಎರಡನೆಯ ವೈಫೈ ಆಗುತ್ತದೆ. ಅಡಾಪ್ಟರ್ ಮಾತ್ರ ಅದರದೇ ಆಗಿರಬೇಕು. ಹಳೆಯವುಗಳಲ್ಲಿ 9 ವೋಲ್ಟಿನವೂ ಇವೆ, ಹೊಸ ಡಬ್ಬಿಯದು 12 ವೋಲ್ಟು, ಪಿನ್ನು ನೋಡಲು ಒಂದೇ ಥರ. ಯಾವ ಅಡಾಪ್ಟರ್ ಯಾವುದರದು ಎಂದು ಒಂದು ಚೀಟಿ ಬರೆದು ಅಂಟಿಸಿಡಿ.